ಲಂಡನ್–ನ್ಯೂಯಾರ್ಕ್ ವಿಮಾನ: ಯಾವ ಹೊತ್ತಿನದು, ಯಾವ ದರ್ಜೆ? ಹೆಚ್ಚಿನ ಹಣ ಎಲ್ಲಿ ಕೊಟ್ಟರೆ ಲಾಭ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟವರು ದಾರಿಯಲ್ಲಿ ನಾಲ್ಕು ದಿನ ಲಂಡನ್ ನೋಡಿಕೊಂಡು ನ್ಯೂಯಾರ್ಕ್ ಸೇರುವುದು ಹಲವು ಕುಟುಂಬಗಳ ಆಸೆ. ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್‌ಗಳಿಂದ ಲಂಡನ್‌ಗೆ ನೇರ ವಿಮಾನಗಳಿವೆ. ಅಲ್ಲಿಂದ ಮುಂದೆ ಅಟ್ಲಾಂಟಿಕ್ ಸಾಗರ ದಾಟಬೇಕು. ಹೀಥ್ರೂದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ಸುಮಾರು 5,500 ಕಿ.ಮೀ. ದೂರ.

ಈ ಮಾರ್ಗದಲ್ಲಿ ದಿನವೊಂದಕ್ಕೆ ಹತ್ತಾರು ವಿಮಾನಗಳು ಹಾರುತ್ತವೆ. ಟಿಕೆಟ್ ಕೊಳ್ಳಲು ಕುಳಿತರೆ ಹತ್ತಾರು ಬೆಲೆ, ನಾಲ್ಕು ದರ್ಜೆ, ಮೂರು ನಾಲ್ಕು ನಿಲ್ದಾಣಗಳು ಎದುರಾಗುತ್ತವೆ. ಆದರೆ ಎರಡೂ ದಿಕ್ಕಿಗೆ ಒಂದೇ ದರ್ಜೆಯ ಟಿಕೆಟ್ ಕೊಳ್ಳಲೇಬೇಕು ಎಂದೇನಿಲ್ಲ. ಹೋಗುವ ಪ್ರಯಾಣ ಮತ್ತು ಬರುವ ಪ್ರಯಾಣ ಇಲ್ಲಿ ಒಂದೇ ರೀತಿಯಲ್ಲ. ಇದನ್ನು ತಿಳಿದುಕೊಂಡರೆ ಅರ್ಧ ಖರ್ಚಿನಲ್ಲೇ ಹೆಚ್ಚಿನ ಆರಾಮ ಪಡೆಯಬಹುದು.

ಹೋಗುವಾಗ ಹಗಲು, ಬರುವಾಗ ರಾತ್ರಿ

ಲಂಡನ್‌ನಿಂದ ಪಶ್ಚಿಮಕ್ಕೆ ಹೋಗುವ ಬಹುಪಾಲು ವಿಮಾನಗಳು ಹಗಲಿನಲ್ಲಿ ಹಾರುತ್ತವೆ. ಬೆಳಿಗ್ಗೆ 11ಕ್ಕೆ ಹೊರಟರೆ ಸುಮಾರು 8 ಗಂಟೆಯ ಹಾರಾಟ. ನ್ಯೂಯಾರ್ಕ್ ಗಡಿಯಾರ 5 ಗಂಟೆ ಹಿಂದಿರುವುದರಿಂದ ಇಳಿಯುವಾಗ ಅಲ್ಲಿ ಮಧ್ಯಾಹ್ನ 2 ಗಂಟೆ. ಊಟ ಮಾಡಿ, ಒಂದೆರಡು ಸಿನಿಮಾ ನೋಡುವಷ್ಟರಲ್ಲಿ ಊರು ಬಂದಿರುತ್ತದೆ. ಮಲಗುವ ಅಗತ್ಯವೇ ಇರುವುದಿಲ್ಲ.

ವಾಪಸು ಬರುವಾಗ ಕಥೆ ಬೇರೆ. ನ್ಯೂಯಾರ್ಕ್‌ನಿಂದ ಪೂರ್ವಕ್ಕೆ ಬರುವ ಹೆಚ್ಚಿನ ವಿಮಾನಗಳು ಸಂಜೆ ಅಥವಾ ರಾತ್ರಿ ಹೊರಡುತ್ತವೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ ಹಿಂದಿನಿಂದ ತಳ್ಳುವುದರಿಂದ ಹಾರಾಟ 6ರಿಂದ 7 ಗಂಟೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಈ ಗಾಳಿ ಇನ್ನೂ ಬಲವಾಗಿರುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ಈ ದೂರವನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿತ್ತು.

ಬೇಗ ತಲುಪುವುದು ಒಳ್ಳೆಯದೇ, ಆದರೆ ನಿದ್ದೆಗೆ ಅದೇ ಶತ್ರು. ಸಂಜೆ 7ಕ್ಕೆ ಹೊರಟ ವಿಮಾನ ಮೇಲೇರಿ, ಊಟ ಕೊಟ್ಟು, ದೀಪ ಆರಿಸುವಾಗ ಎರಡು ಗಂಟೆ ಕಳೆದಿರುತ್ತದೆ. ಇಳಿಯುವ ಒಂದು ಗಂಟೆ ಮೊದಲೇ ತಿಂಡಿಗಾಗಿ ದೀಪ ಹಚ್ಚುತ್ತಾರೆ. ನಿದ್ದೆಗೆ ಉಳಿಯುವುದು ಹೆಚ್ಚೆಂದರೆ ನಾಲ್ಕು ಗಂಟೆ. ಬೆಳಿಗ್ಗೆ 7ಕ್ಕೆ ಲಂಡನ್‌ನಲ್ಲಿ ಇಳಿದಾಗ ದೇಹದ ಪಾಲಿಗೆ ಅದು ನಡುರಾತ್ರಿ 2 ಗಂಟೆ.

ಅಲ್ಲಿಂದ ಭಾರತಕ್ಕೆ ಸಂಪರ್ಕ ವಿಮಾನ ಹಿಡಿಯಬೇಕಾದವರಿಗೆ ಇದು ಇನ್ನೂ ಕಷ್ಟ. ಭಾರತದ ಹಲವು ವಿಮಾನಗಳು ಲಂಡನ್‌ನಿಂದ ಹಗಲಿನಲ್ಲಿ ಹೊರಟು ನಮ್ಮಲ್ಲಿ ನಡುರಾತ್ರಿ ಅಥವಾ ನಸುಕಿಗೆ ಇಳಿಯುತ್ತವೆ. ಎಂದರೆ ಸರಿಯಾದ ನಿದ್ದೆಯಿಲ್ಲದೆ ಎರಡು ರಾತ್ರಿ ಕಳೆಯಬೇಕಾಗುತ್ತದೆ. ಹಾಗಾಗಿ ಒಂದೇ ಕಡೆ ಹೆಚ್ಚು ಹಣ ಕೊಡಲು ಸಾಧ್ಯವಿದ್ದರೆ, ಅದನ್ನು ನ್ಯೂಯಾರ್ಕ್‌ನಿಂದ ಹೊರಡುವ ರಾತ್ರಿಗೆ ಇಟ್ಟುಕೊಳ್ಳುವುದು ಒಳಿತು.

ಹಣ ಕೊಡದೆ ನಿದ್ದೆ ಉಳಿಸುವ ದಾರಿ

ನ್ಯೂಯಾರ್ಕ್‌ನಿಂದ ಬೆಳಿಗ್ಗೆ ಸುಮಾರು 8ಕ್ಕೆ ಹೊರಟು ಅದೇ ದಿನ ರಾತ್ರಿ 8ರ ಹೊತ್ತಿಗೆ ಲಂಡನ್ ಸೇರುವ ಕೆಲವು ವಿಮಾನಗಳೂ ಇವೆ. ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್ ಮುಂತಾದ ಕಂಪನಿಗಳು ಇಂಥ ವಿಮಾನ ಹಾರಿಸುತ್ತಾ ಬಂದಿವೆ. ಎಕಾನಮಿಯಲ್ಲೇ ಕುಳಿತು ಬಂದು, ರಾತ್ರಿ ಹೋಟೆಲ್‌ನಲ್ಲಿ ಹಾಸಿಗೆಯ ಮೇಲೆ ಮಲಗಬಹುದು. ಪ್ರವಾಸದ ಒಂದು ಹಗಲು ಕಳೆದುಹೋಗುತ್ತದೆ, ನಸುಕಿನಲ್ಲೇ ನಿಲ್ದಾಣ ಸೇರಬೇಕು. ಆದರೂ ಬಿಸಿನೆಸ್ ದರ್ಜೆಗೆ ಕೊಡುವ ಹೆಚ್ಚುವರಿ ಹಣಕ್ಕೆ ಹೋಲಿಸಿದರೆ ಒಂದು ರಾತ್ರಿಯ ಹೋಟೆಲ್ ಬಾಡಿಗೆ ಕಡಿಮೆಯೇ.

ರಾತ್ರಿ ವಿಮಾನವೇ ಬೇಕೆಂದರೆ 10 ಗಂಟೆಯ ನಂತರ ಹೊರಡುವುದನ್ನು ಹುಡುಕುವುದು ಮೇಲು. ಊಟವನ್ನು ನಿಲ್ದಾಣದಲ್ಲೇ ಮುಗಿಸಿ, ವಿಮಾನ ಏರಿದ ಕೂಡಲೇ ಮಲಗಬಹುದು. ಲಂಡನ್‌ಗೆ ಬೆಳಿಗ್ಗೆ 10ರ ನಂತರ ಇಳಿಯುವುದರಿಂದ, ಮಧ್ಯಾಹ್ನ ಕೊಠಡಿ ಕೊಡುವ ಹೋಟೆಲ್‌ನ ಮುಂದೆ ಕಾಯುವ ಹೊತ್ತೂ ಕಡಿಮೆಯಾಗುತ್ತದೆ.

ಯಾವ ದರ್ಜೆಯಲ್ಲಿ ಏನು ಸಿಗುತ್ತದೆ?

ಎಕಾನಮಿ: ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವಿನ ಅಂತರ ಸುಮಾರು 31 ಇಂಚು. ಇದರಲ್ಲೇ ಅತಿ ಅಗ್ಗದ ಟಿಕೆಟ್‌ಗಳಿಗೆ ಚೆಕ್-ಇನ್ ಲಗೇಜು ಇರುವುದಿಲ್ಲ, ಸೀಟು ಆರಿಸಲು ಬೇರೆ ಹಣ ಕೊಡಬೇಕು. ಭಾರತದಿಂದ ದೊಡ್ಡ ಸೂಟ್‌ಕೇಸ್ ತಂದವರು ಆ ಶುಲ್ಕ ಸೇರಿಸಿಯೇ ಬೆಲೆ ಹೋಲಿಸಬೇಕು.

ಪ್ರೀಮಿಯಂ ಎಕಾನಮಿ: ಅಂತರ ಸುಮಾರು 38 ಇಂಚು, ಸೀಟು ಸ್ವಲ್ಪ ಅಗಲ, ಬೆನ್ನು ಹೆಚ್ಚು ಬಾಗುತ್ತದೆ. ಬ್ರಿಟಿಷ್ ಏರ್‌ವೇಸ್‌ನಂಥ ಕಂಪನಿಗಳಲ್ಲಿ ತಲಾ 23 ಕಿಲೋದ ಎರಡು ಲಗೇಜು ಒಯ್ಯಬಹುದು. ಮಂಡಿನೋವು ಇರುವವರಿಗೆ, ಎತ್ತರದವರಿಗೆ ಇದು ಉಪಯುಕ್ತ. ಆದರೆ ಇದು ಒಳ್ಳೆಯ ಕುರ್ಚಿಯೇ ಹೊರತು ಹಾಸಿಗೆಯಲ್ಲ.

ಬಿಸಿನೆಸ್: ಈ ಮಾರ್ಗದ ಪ್ರಮುಖ ಕಂಪನಿಗಳಲ್ಲಿ ಸೀಟು ಪೂರ್ತಿ ಚಪ್ಪಟೆಯಾಗಿ ಹಾಸಿಗೆಯಾಗುತ್ತದೆ. ನಿಲ್ದಾಣದ ಲೌಂಜ್‌ನಲ್ಲೇ ಊಟ ಸಿಗುವುದರಿಂದ ವಿಮಾನದೊಳಗಿನ ಇಡೀ ಸಮಯವನ್ನು ನಿದ್ದೆಗೆ ಬಳಸಬಹುದು. ಹಗಲಿನ ಪಶ್ಚಿಮದ ಹಾರಾಟದಲ್ಲಿ ಇದೇ ಹಾಸಿಗೆಗೆ ಅಷ್ಟು ಬೆಲೆ ಇಲ್ಲ.

ಫಸ್ಟ್ ಕ್ಲಾಸ್: ಎಲ್ಲ ಕಂಪನಿಗಳಲ್ಲಿ ಇಲ್ಲ. ವರ್ಜಿನ್ ಅಟ್ಲಾಂಟಿಕ್‌ನಲ್ಲಿ ಅಪ್ಪರ್ ಕ್ಲಾಸ್ ಎಂದು ಕರೆಯುವುದು ಬಿಸಿನೆಸ್ ದರ್ಜೆಯನ್ನೇ. ಇಷ್ಟು ಚಿಕ್ಕ ರಾತ್ರಿಗೆ ಫಸ್ಟ್ ಕ್ಲಾಸ್‌ನಿಂದ ನಿದ್ದೆಯ ಗಂಟೆಗಳೇನೂ ಹೆಚ್ಚುವುದಿಲ್ಲ.

ಹೋಗಿಬರುವ ಟಿಕೆಟ್ ಕೊಳ್ಳುವಾಗ ಹೋಗಲು ಎಕಾನಮಿ, ಬರಲು ಬಿಸಿನೆಸ್ ಅಥವಾ ಪ್ರೀಮಿಯಂ ಎಂದು ಬೇರೆ ಬೇರೆ ದರ್ಜೆ ಆರಿಸಲು ಹೆಚ್ಚಿನ ಕಂಪನಿಗಳು ಅವಕಾಶ ಕೊಡುತ್ತವೆ. ಎರಡು ಒನ್-ವೇ ಟಿಕೆಟ್‌ಗಳಿಗಿಂತ ಹೀಗೆ ಕೊಳ್ಳುವುದು ಹಲವು ಬಾರಿ ಅಗ್ಗ.

ತೆರಿಗೆಯೂ ದರ್ಜೆ ನೋಡುತ್ತದೆ

ಬ್ರಿಟನ್‌ನಿಂದ ಹೊರಡುವ ಪ್ರತಿ ಪ್ರಯಾಣಿಕರ ಟಿಕೆಟ್‌ನಲ್ಲಿ ಏರ್ ಪ್ಯಾಸೆಂಜರ್ ಡ್ಯೂಟಿ ಎಂಬ ತೆರಿಗೆ ಸೇರಿರುತ್ತದೆ. ಅಮೆರಿಕಕ್ಕೆ ಹೋಗುವವರಿಗೆ 2025ರ ಏಪ್ರಿಲ್‌ನಿಂದ ಎಕಾನಮಿಯಲ್ಲಿ 90 ಪೌಂಡ್, ಪ್ರೀಮಿಯಂ ಎಕಾನಮಿಯಿಂದ ಮೇಲೆ 216 ಪೌಂಡ್ ನಿಗದಿಯಾಯಿತು. 2026ರ ಏಪ್ರಿಲ್‌ನಿಂದ ಈ ಮೊತ್ತಗಳು ಕ್ರಮವಾಗಿ 102 ಮತ್ತು 244 ಪೌಂಡ್. ಪ್ರೀಮಿಯಂ ಎಕಾನಮಿಗೂ ಬಿಸಿನೆಸ್ ದರ್ಜೆಯಷ್ಟೇ ತೆರಿಗೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಪಶ್ಚಿಮಕ್ಕೆ ಪ್ರೀಮಿಯಂನಲ್ಲಿ ಹೋದರೆ ತೆರಿಗೆಯಲ್ಲೇ 284 ಪೌಂಡ್ ಹೆಚ್ಚು.

ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರುವ ಹಾರಾಟಕ್ಕೆ ಈ ತೆರಿಗೆ ಇಲ್ಲ. ಮೇಲಿನ ದರ್ಜೆಯನ್ನು ಬರುವ ಪ್ರಯಾಣಕ್ಕೆ ಉಳಿಸಿಕೊಳ್ಳಲು ಇದು ಇನ್ನೊಂದು ಕಾರಣ. 16 ವರ್ಷದೊಳಗಿನ ಮಕ್ಕಳಿಗೆ ಎಕಾನಮಿಯಲ್ಲಿ ತೆರಿಗೆ ಇಲ್ಲ. ಒಂದೇ ಟಿಕೆಟ್‌ನಲ್ಲಿ 24 ಗಂಟೆಯೊಳಗೆ ಲಂಡನ್‌ನಲ್ಲಿ ವಿಮಾನ ಬದಲಿಸುವವರಿಗೂ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ. ಲಂಡನ್‌ನಲ್ಲಿ ಕೆಲವು ದಿನ ಇಳಿದು ಭಾರತಕ್ಕೆ ಹೊರಟರೆ ಮಾತ್ರ ಇದೇ ದರ ಮತ್ತೆ ಬೀಳುತ್ತದೆ.

ವಿಮಾನ ಯಾವುದು ಎಂದೂ ನೋಡಿ

ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳ ಒಳಗಿನ ಗಾಳಿಯ ಒತ್ತಡ ಸುಮಾರು 6,000 ಅಡಿ ಎತ್ತರದ ಊರಿನಲ್ಲಿ ಇರುವಷ್ಟಿರುತ್ತದೆ. ಹಳೆಯ ಮಾದರಿಗಳಲ್ಲಿ ಇದು 8,000 ಅಡಿಗೆ ಸಮನಾಗಿರಬಹುದು. ಹೊಸ ವಿಮಾನಗಳಲ್ಲಿ ಗಾಳಿ ಅಷ್ಟು ಒಣಗಿರುವುದಿಲ್ಲ, ಹಾಗಾಗಿ ಆಯಾಸ, ಗಂಟಲು ಒಣಗುವುದು ಕಡಿಮೆ.

ಎಕಾನಮಿಯಲ್ಲಿ ಇಬ್ಬರೇ ಹೋಗುವುದಾದರೆ ಏರ್‌ಬಸ್ ಎ330 ಅನುಕೂಲ. ಅದರಲ್ಲಿ ಸಾಮಾನ್ಯವಾಗಿ ಸೀಟುಗಳು 2-4-2ರಂತೆ ಇರುವುದರಿಂದ ಕಿಟಕಿ ಬದಿಯ ಜೋಡಿ ಸೀಟು ಸಿಗುತ್ತದೆ. ಬೋಯಿಂಗ್ 787ರಲ್ಲಿ 3-3-3, ಬೋಯಿಂಗ್ 777ರಲ್ಲಿ ಹೆಚ್ಚಾಗಿ 3-4-3. ಪದೇ ಪದೇ ಏಳಬೇಕಾಗುವ ಹಿರಿಯರಿಗೆ ಓಣಿ ಬದಿಯ ಸೀಟು ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ನಾಲ್ಕು ಗಂಟೆಗೂ ಹೆಚ್ಚು ಕದಲದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆಗಾಗ ಎದ್ದು ಓಡಾಡಬೇಕು.

ಸಸ್ಯಾಹಾರಿಗಳು ಕನಿಷ್ಠ ಒಂದು ದಿನ ಮೊದಲೇ ಊಟ ಕಾಯ್ದಿರಿಸಬೇಕು. 'ಹಿಂದೂ ಮೀಲ್' ಎಂದರೆ ಸಸ್ಯಾಹಾರ ಎಂದಲ್ಲ, ಅದರಲ್ಲಿ ಕೋಳಿ, ಕುರಿ ಮಾಂಸ ಅಥವಾ ಮೀನು ಇರಬಹುದು. 'ಏಷ್ಯನ್ ವೆಜಿಟೇರಿಯನ್' ಅಥವಾ 'ಜೈನ್ ಮೀಲ್' ಎಂದೇ ಆರಿಸಬೇಕು.

ಜೆಎಫ್‌ಕೆಯೋ, ನೆವಾರ್ಕೋ?

ಲಂಡನ್‌ನ ಹೀಥ್ರೂದಿಂದ ಪೇಟೆಯ ಒಳಗೆ ಎಲಿಜಬೆತ್ ಲೈನ್ ಮತ್ತು ಪಿಕಡಿಲಿ ಲೈನ್ ರೈಲುಗಳಿವೆ. ಗ್ಯಾಟ್ವಿಕ್ ಊರಿನ ದಕ್ಷಿಣಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿದೆ. ಅಲ್ಲಿಂದಲೂ ನೇರ ರೈಲುಗಳಿವೆ, ಹೋಟೆಲ್ ಯಾವ ಬದಿಯಲ್ಲಿದೆ ಎಂಬುದನ್ನು ನೋಡಿಕೊಂಡು ಆರಿಸಬೇಕು.

ನ್ಯೂಯಾರ್ಕ್‌ನಲ್ಲಿ ಜೆಎಫ್‌ಕೆ ಊರಿನ ಪೂರ್ವಕ್ಕಿದ್ದರೆ, ನೆವಾರ್ಕ್ ನಿಲ್ದಾಣ ಇರುವುದು ನದಿಯಾಚೆಯ ನ್ಯೂಜೆರ್ಸಿ ರಾಜ್ಯದಲ್ಲಿ. ಭಾರತೀಯ ಕುಟುಂಬಗಳು ಹೆಚ್ಚಾಗಿರುವ ಎಡಿಸನ್, ಜೆರ್ಸಿ ಸಿಟಿಗಳಿಗೆ ನೆವಾರ್ಕ್ ಹತ್ತಿರ. ಟಿಕೆಟ್‌ನಲ್ಲಿ ಉಳಿದ ಹಣವನ್ನು ಟ್ಯಾಕ್ಸಿಗೆ ಕೊಡುವ ಪರಿಸ್ಥಿತಿ ಬರಬಾರದು.

ಟಿಕೆಟ್ ಒಂದೇ ಇರಲಿ, ವೀಸಾ ಮೊದಲೇ ಇರಲಿ

ಬೆಂಗಳೂರು–ಲಂಡನ್, ಲಂಡನ್–ನ್ಯೂಯಾರ್ಕ್, ನ್ಯೂಯಾರ್ಕ್–ಬೆಂಗಳೂರು ಎಂದು 'ಮಲ್ಟಿ ಸಿಟಿ' ಆಯ್ಕೆಯಲ್ಲಿ ಒಂದೇ ಟಿಕೆಟ್ ಕೊಳ್ಳಬಹುದು. ವಾಪಸು ಬರುವಾಗ ಮೊದಲ ವಿಮಾನ ತಡವಾಗಿ ಲಂಡನ್‌ನ ಸಂಪರ್ಕ ವಿಮಾನ ತಪ್ಪಿದರೆ, ಒಂದೇ ಟಿಕೆಟ್ ಇದ್ದವರಿಗೆ ಕಂಪನಿಯೇ ಬೇರೆ ವಿಮಾನ ಒದಗಿಸುತ್ತದೆ. ಬೇರೆ ಬೇರೆ ಟಿಕೆಟ್ ಇದ್ದರೆ ಹೊಸ ಟಿಕೆಟ್ ಸ್ವಂತ ಖರ್ಚಿನಲ್ಲಿ ಕೊಳ್ಳಬೇಕಾಗಬಹುದು.

ಲಂಡನ್ ಊರು ನೋಡಲು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ ವಿಸಿಟರ್ ವೀಸಾ, ಮುಂದೆ ಅಮೆರಿಕದ ವೀಸಾ ಎರಡೂ ಬೇಕು. ಲಗೇಜು ಪಡೆದು ಮತ್ತೆ ಚೆಕ್-ಇನ್ ಮಾಡಬೇಕಾದರೆ ಇಮಿಗ್ರೇಷನ್ ದಾಟಬೇಕಾಗುತ್ತದೆ. ಟ್ರಾನ್ಸಿಟ್ ನಿಯಮಗಳನ್ನು ಟಿಕೆಟ್ ಕೊಳ್ಳುವ ಮೊದಲೇ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಪರಿಶೀಲಿಸಬೇಕು.

ಹಾರಿಸುವವರು ಯಾರು?

ಈ ಮಾರ್ಗದಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಅಮೆರಿಕನ್ ಏರ್‌ಲೈನ್ಸ್, ವರ್ಜಿನ್ ಅಟ್ಲಾಂಟಿಕ್ ಮತ್ತು ಡೆಲ್ಟಾ ಪಾಲುದಾರರು. ಒಬ್ಬರ ವಿಮಾನದ ಸೀಟನ್ನು ಇನ್ನೊಬ್ಬರು ತಮ್ಮ ಸಂಖ್ಯೆಯಲ್ಲಿ ಮಾರುತ್ತಾರೆ. ನಿಜವಾಗಿ ಹಾರಿಸುವ ಕಂಪನಿ ಯಾವುದೆಂದು ಟಿಕೆಟ್‌ನಲ್ಲಿ ಬರೆದಿರುತ್ತದೆ. ಪರಿಹಾರದ ಹಕ್ಕು ಅದರ ಮೇಲೆ ನಿಂತಿದೆ.

ಬ್ರಿಟನ್‌ನಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೆ ಯುಕೆ 261 ನಿಯಮ ಅನ್ವಯಿಸುತ್ತದೆ. ಕಂಪನಿಯ ತಪ್ಪಿನಿಂದ ನ್ಯೂಯಾರ್ಕ್‌ಗೆ 4 ಗಂಟೆಗೂ ಹೆಚ್ಚು ತಡವಾಗಿ ತಲುಪಿದರೆ ತಲಾ 520 ಪೌಂಡ್ ಪರಿಹಾರ. ಕೆಟ್ಟ ಹವಾಮಾನದಂಥ ಕಾರಣಗಳಿಗೆ ಇದು ಸಿಗದು. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರುವಾಗ ಬ್ರಿಟನ್ ಅಥವಾ ಐರೋಪ್ಯ ಒಕ್ಕೂಟದ ಕಂಪನಿ ಹಾರಿಸಿದರೆ ಮಾತ್ರ ಈ ರಕ್ಷಣೆ ಇದೆ, ಅಮೆರಿಕದ ಕಂಪನಿ ಹಾರಿಸಿದರೆ ಇಲ್ಲ.

ಬಿಸಿನೆಸ್ ಟಿಕೆಟ್ ಕೊಂಡವರನ್ನು ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ ಇದೇ ನಿಯಮದಡಿ ಆ ಹಾರಾಟದ ಪಾಲಿನ ಟಿಕೆಟ್ ಹಣದ ಶೇ 75ರಷ್ಟನ್ನು 7 ದಿನದೊಳಗೆ ಮರಳಿಸಬೇಕು. ಬೋರ್ಡಿಂಗ್ ಪಾಸ್ ಮತ್ತು ಟಿಕೆಟ್ ಬಿಲ್ ಜೋಪಾನವಾಗಿಟ್ಟುಕೊಳ್ಳಬೇಕು.

ಲೆಕ್ಕ ಹೀಗಿರಲಿ

ಮೊದಲು ಬರುವ ಹಾರಾಟದ ಹೊತ್ತು ತೀರ್ಮಾನಿಸಬೇಕು. ಹಗಲಿನ ವಿಮಾನ ಒಪ್ಪಿಗೆಯಾದರೆ ಎರಡೂ ಕಡೆ ಎಕಾನಮಿ ಸಾಕು. ರಾತ್ರಿಯೇ ಅನಿವಾರ್ಯ ಎಂದಾದರೆ ಆ ಒಂದು ಕಡೆಗೆ ಮಾತ್ರ ಬಿಸಿನೆಸ್ ಬೆಲೆ ನೋಡಿ, ಹೆಚ್ಚುವರಿ ಹಣವನ್ನು ಸಿಗುವ ನಿದ್ದೆಯ ಗಂಟೆಗಳಿಂದ ಭಾಗಿಸಬೇಕು. ಎಪ್ಪತ್ತು ದಾಟಿದ ತಂದೆ ತಾಯಿಗೆ, ಇಳಿದ ದಿನವೇ ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಆ ಮೊತ್ತ ಹೆಚ್ಚೆನಿಸದಿರಬಹುದು. ಲಂಡನ್‌ನಲ್ಲೇ ಇಳಿದು ಎರಡು ದಿನ ವಿಶ್ರಾಂತಿ ಪಡೆಯುವ ಯುವ ದಂಪತಿಗೆ ಅದೇ ಹಣದಲ್ಲಿ ಇನ್ನೂ ಕೆಲವು ದಿನ ಊರು ಸುತ್ತಬಹುದು.