ಶೀರ್ಷಪ್ರಹೇಲಿಕಾ: 194 ಅಂಕಿಗಳ ಸಂಖ್ಯೆ

ಶ್ವೇತಾಂಬರ ಆಗಮವಾದ ಅನುಯೋಗದ್ವಾರ ಸೂತ್ರದ ಕಾಲಗಣನೆಯಲ್ಲಿ ಎಣಿಸಿ ಹೇಳಿರುವ ಕೊನೆಯ ಸಂಖ್ಯೆ ಶೀರ್ಷಪ್ರಹೇಲಿಕಾ. 84 ಲಕ್ಷ ವರ್ಷಕ್ಕೆ ಒಂದು ಪೂರ್ವಾಂಗ. 84 ಲಕ್ಷ ಪೂರ್ವಾಂಗಕ್ಕೆ ಒಂದು ಪೂರ್ವ, ಅಂದರೆ 70 ಲಕ್ಷ 56 ಸಾವಿರ ಕೋಟಿ ವರ್ಷ. ಹೀಗೆ ಪ್ರತಿ ಮೆಟ್ಟಿಲಿಗೂ 84 ಲಕ್ಷದಿಂದ ಗುಣಿಸುತ್ತ ಹೋದರೆ ತ್ರುಟಿತಾಂಗ, ತ್ರುಟಿತ ಮುಂತಾದವನ್ನು ದಾಟಿ 28ನೆಯ ಮೆಟ್ಟಿಲಿನಲ್ಲಿ ಇದು ಬರುತ್ತದೆ. ಇದರಾಚೆಯ ಪಲ್ಯೋಪಮ, ಸಾಗರೋಪಮಗಳು ಎಣಿಕೆಯಲ್ಲ, ಉಪಮೆ.

ಸಂಖ್ಯೆ ಹೀಗಿದೆ:

758 263 253 073 010 241 157 973 569 975 696 406 218 966 848 080 183 296

ಇದರ ಬಲಕ್ಕೆ 140 ಸೊನ್ನೆಗಳು. 54 ಅಂಕಿ, 140 ಸೊನ್ನೆ, ಒಟ್ಟು 194 ಸ್ಥಾನ. ಮಾನ್ಯಖೇಟದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಹೆಸರಿಟ್ಟಿರುವುದು 24 ಸ್ಥಾನಗಳಿಗೆ, ಮಹಾಕ್ಷೋಭದವರೆಗೆ. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಂತೂ 256 ಎಂಬುದನ್ನೇ 200, 50, 6 ಎಂದು ಮೂರು ಬೇರೆ ಬೇರೆ ಚಿಹ್ನೆಗಳಲ್ಲಿ ಬರೆದಿದ್ದಾರೆ. ಸೊನ್ನೆಯೂ ಸ್ಥಾನಬೆಲೆಯೂ ಇಲ್ಲದೆ 194 ಸ್ಥಾನ ಬರೆಯುವುದು ಆಗದ ಮಾತು.

ಸಂಖ್ಯೆ ಎಷ್ಟೇ ದೊಡ್ಡದಾದರೂ ಅದರೊಳಗಿರುವ ಅವಿಭಾಜ್ಯಗಳು ನಾಲ್ಕೇ: 2, 3, 5, 7. ಎರಡನ್ನು 196 ಸಲ, ಮೂರನ್ನು 28 ಸಲ, ಐದನ್ನು 140 ಸಲ, ಏಳನ್ನು 28 ಸಲ ಗುಣಿಸಿದರೆ ಸಂಖ್ಯೆ ಸಿಗುತ್ತದೆ. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 2,33,60,457. ಈ ಲೆಕ್ಕ ಬೆಸವಾಗಿರುವುದಕ್ಕೆ ಕಾರಣ, ಶೀರ್ಷಪ್ರಹೇಲಿಕಾ ಪೂರ್ಣ ವರ್ಗ. ಪ್ರತಿ ಭಾಜಕಕ್ಕೂ ಜೋಡಿ ಉಂಟು, ವರ್ಗಮೂಲಕ್ಕೆ ಮಾತ್ರ ಅದೇ ಜೋಡಿ.

ಪಾಠಶಾಲೆಯ ಪುಸ್ತಕಕ್ಕೋ ಗೋಡೆಬರಹಕ್ಕೋ ಇದನ್ನು ನಕಲು ಮಾಡುವವರು ತಾಳೆ ನೋಡದೆ ಬಿಡಬಾರದು. ಆಗಮದ ಸಂಖ್ಯೆಯನ್ನು ಮಕ್ಕಳು ತಪ್ಪಾಗಿ ಕಲಿತರೆ ಮುಂದೆ ತಿದ್ದುವವರಿಲ್ಲ. 54 ಅಂಕಿಗಳ ಮೊತ್ತ 252, ಅದು 9ರಿಂದ ಭಾಗವಾಗಬೇಕು. ಆದರೆ ಇಷ್ಟೇ ಸಾಲದು. ಅಂಕಿ ಅದಲುಬದಲಾದರೆ ವ್ಯತ್ಯಾಸ 9ರ ಮಗ್ಗಿಯಲ್ಲೇ ಬರುತ್ತದೆ ಎಂದು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಯಾವ ಗುಮಾಸ್ತರನ್ನು ಕೇಳಿದರೂ ಹೇಳುತ್ತಾರೆ. 758 ಹೋಗಿ 785 ಆದರೂ ಮೊತ್ತ 252ಯೇ. ಅದಕ್ಕೆ ಇನ್ನೊಂದು ದಾರಿಯಿದೆ. ಬಲತುದಿಯ 296ರಿಂದ ಹಿಡಿದು ಒಂದು ಗುಂಪು ಕೂಡಿ, ಮುಂದಿನದನ್ನು ಕಳೆದು, ಹೀಗೇ ಎಡತುದಿಯವರೆಗೆ ಬಂದರೆ 581 ಉಳಿಯಬೇಕು. ಅದು 7×83. ಮೇಲಿನ ತಪ್ಪಿನಲ್ಲಿ ಉಳಿಯುವುದು 554. ಏಳರಿಂದ ಭಾಗವಾಗದು, ತಪ್ಪು ಸಿಕ್ಕಿಬೀಳುತ್ತದೆ.

ಬೇರೆ ಗ್ರಂಥದ ಸಂಖ್ಯೆ ಕಂಡು ತಪ್ಪೆಂದು ಹೊಡೆದುಹಾಕುವ ಮೊದಲು ಸೊನ್ನೆ ಎಣಿಸಿರಿ. ಜ್ಯೋತಿಷ್ಕರಂಡಕದ ಶೀರ್ಷಪ್ರಹೇಲಿಕಾ 84 ಲಕ್ಷದ 36ನೆಯ ಘಾತ: 180 ಸೊನ್ನೆ, 250 ಸ್ಥಾನ. ದಿಗಂಬರ ಪರಂಪರೆಯಲ್ಲಿ ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ ಹೇಳುವ ಕೊನೆಯ ಸಂಖ್ಯೆಯ ಹೆಸರೇ ಬೇರೆ, ಅಚಲಾತ್ಮ. ಅದು 84ನ್ನು 31 ಸಲ ಗುಣಿಸಿ ಮುಂದೆ 90 ಸೊನ್ನೆ ಇಟ್ಟದ್ದು, 150 ಸ್ಥಾನ.