ಸಕ್ರಿ ಬಿಟ್ಟ ಮನಿಗಳು

ಚಾತುರ್ಮಾಸ ಬಂತಂದ್ರ ನಮ್ಮ ಮನಿಗಳೊಳಗ ಒಂದು ತಿಂಗಳು ಕಾಯಿಪಲ್ಯ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮ್ಯಾಲೆ ಹಾಲಿಲ್ಲ, ಕಡೀ ತಿಂಗಳು ಬ್ಯಾಳಿ ಇಲ್ಲ. ಬಿಡೋದು ನಮಗೇನು ಹೊಸಾದಲ್ಲ. ಆದ್ರ ದೇವರ ಸಲುವಾಗಿ ಅಲ್ಲ, ಸರಕಾರದ ಕಿವಿ ಹಿಂಡ್ಲಿಕ್ಕೆ ಅಂತ ಅಡಗಿಮನಿಯೊಳಗಿನ ಒಂದು ಪದಾರ್ಥ ಬಿಟ್ಟವರ ಕತಿ ಓದಿದಾಗಿನಿಂದ ಅದನ್ನ ನಿಮಗೆಲ್ಲಾ ಹೇಳಬೇಕು ಅನಸ್ತಿತ್ತು. ಇದು ಇಂಗ್ಲೆಂಡಿನ ಕತಿ, 1791ನೇ ಇಸವಿದು. ಅವರು ಬಿಟ್ಟ ಪದಾರ್ಥ ಸಕ್ರಿ.

ಆಗ ಅವರಿಗೆ ಸಕ್ರಿ ಬರ್ತಿದ್ದದ್ದು ಜಮೈಕಾ, ಬಾರ್ಬಡೋಸ್‌ನಂಥ ವೆಸ್ಟ್ ಇಂಡೀಸ್ ದ್ವೀಪಗಳಿಂದ. ಆಫ್ರಿಕಾದಿಂದ ಹಡಗಿನಾಗ ತುಂಬಿಕೊಂಡು ತಂದು ಮಾರಿದ ಜನ, ಗಂಡಸರು ಹೆಂಗಸರು ಎಲ್ಲಾರೂ, ಅಲ್ಲಿ ಕಬ್ಬಿನ ಹೊಲದಾಗ ದುಡೀತಿದ್ರು. ನಮ್ಮ ಕಡೆ ಗಾಣದ ಮನಿ ನೋಡಿದವರಿಗೆ ಆ ಕೆಲಸ ಗೊತ್ತದ. ಕಡದ ಕಬ್ಬು ಹಂಗ ಇಟ್ರ ಕೆಡತದ, ಅದಕ್ಕ ಸುಗ್ಗಿ ಮುಗಿಯೂತನಕ ಗಾಣನೂ ನಿಲ್ಲಂಗಿಲ್ಲ, ಒಲಿನೂ ಆರಂಗಿಲ್ಲ. ಅಲ್ಲೂ ಹಂಗ, ಹಗಲು ರಾತ್ರಿ ಪಾಳಿ. ನಿದ್ದಿಗಣ್ಣಾಗ ಕಬ್ಬು ಕೊಡುವಾಗ ಕೈ ಗಾಣಕ್ಕ ಸಿಕ್ಕೊಂಡ್ರ ತೋಳು ಕಡದು ಜೀವ ಉಳಸ್ಲಿಕ್ಕೆ ಅಂತ ಪಕ್ಕದಾಗ ಕೊಡ್ಲಿ ಇಟ್ಟಿರ್ತಿದ್ರಂತ. ಇದನ್ನ ಓದಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಈ ಮನುಷ್ಯರ ವ್ಯಾಪಾರ ನಿಲ್ಲಿಸ್ರಿ ಅಂತ ವಿಲ್ಬರ್‌ಫೋರ್ಸ್ ಎಂಬವರು 1791ರ ಏಪ್ರಿಲ್‌ದಾಗ ಪಾರ್ಲಿಮೆಂಟಿನ ಮುಂದ ಮಸೂದೆ ತಂದ್ರು. ಪರವಾಗಿ 88 ಮತ, ವಿರುದ್ಧ 163. ಬಿದ್ದುಹೋತು. ಆಗ ವಿಲಿಯಂ ಫಾಕ್ಸ್ ಅನ್ನೋರು ಒಂದು ಸಣ್ಣ ಪುಸ್ತಿಕೆ ಬರದ್ರು. ಪಾರ್ಲಿಮೆಂಟ್ ಮಾಡದಿದ್ರ ನಾವೇ ಮಾಡೋಣು, ಆ ಸಕ್ರಿ, ಆ ರಮ್ ಮುಟ್ಟೋದು ಬ್ಯಾಡ ಅನ್ನೋದು ಅದರ ಸಾರ. ಅದನ್ನ ಮಾರಿದಾಕಿ ಲಂಡನ್ನಿನ ಮಾರ್ಥಾ ಗರ್ನಿ ಅಂತ ಒಬ್ಬ ಹೆಣ್ಣುಮಗಳು, ಪುಸ್ತಕದ ಅಂಗಡಿ ಇಟ್ಟಾಕಿ. ನಾಕು ತಿಂಗಳದಾಗ ಸುಮಾರು 70,000 ಪ್ರತಿ ಹೋದ್ವಂತ.

ಫಾಕ್ಸ್ ಹಾಕಿದ ಲೆಕ್ಕ ನನಗ ಭಾಳ ಮನಸ್ಸಿಗೆ ಬಂತು. ವಾರಕ್ಕ ಐದು ಪೌಂಡ್, ಅಂದ್ರ ಎರಡೂಕಾಲು ಕಿಲೋ ಸಕ್ರಿ ಖರ್ಚು ಮಾಡೋ ಒಂದು ಮನಿ 21 ತಿಂಗಳು ಅದನ್ನ ಬಿಟ್ರ, ಒಬ್ಬ ಮನುಷ್ಯ ಗುಲಾಮ ಆಗೋದು ಇಲ್ಲಾ ಸಾಯೋದು ತಪ್ಪತದ ಅಂತ. ಲೆಕ್ಕ ಖರೇ ಎಷ್ಟು ಸರಿ ಇತ್ತೋ ಬಿಡ್ರಿ, ಆದ್ರ ಕಿರಾಣಿ ಚೀಟಿ ಬರಿಯೋರಿಗೆ ತಿಳಿಯೋ ಭಾಷಾದಾಗ ಇತ್ತು. ಭಾಷಣಾ ಕೇಳಿ ಅತ್ತು ಮರತುಬಿಡಬಹುದು. ಡಬ್ಬಿಯೊಳಗಿನ ಸಕ್ರಿ ದಿನಾ ಎದುರಿಗೇ ಕಾಣ್ತದಲ್ಲ.

ಮತ ಹಾಕೋ ಹಕ್ಕು ಹೆಂಗಸರಿಗೆ ಇರಲಿಲ್ಲ, ಹೆಚ್ಚಿನ ಗಂಡಸರಿಗೂ ಇರಲಿಲ್ಲ. ಆದ್ರ ಮನಿಗೆ ಏನು ತರಬೇಕು ಅನ್ನೋದು ಹೆಂಗಸರ ಕೈಯಾಗ ಇತ್ತು. ಊರೂರು ತಿರಗಿ ಗುಲಾಮರ ವ್ಯಾಪಾರದ ವಿರುದ್ಧ ಕೆಲಸ ಮಾಡ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಸುಮಾರು ಮೂರು ಲಕ್ಷ ಜನ ಸಕ್ರಿ ಬಿಟ್ಟಾರ ಅಂತ ಅಂದಾಜು ಮಾಡ್ಯಾರ. ಬಡವರು ಶ್ರೀಮಂತರು ಇಬ್ಬರೂ ಇದ್ರು, ಸಣ್ಣ ಹುಡುಗರು ಸುದ್ದಾ ಸಿಹಿ ಮುಟ್ಟಲಿಲ್ಲ, ಕೆಲವು ಅಂಗಡಿಯವರು ಮಾರೋದನ್ನೇ ಬಿಟ್ರು ಅಂತ ಬರದಾರ.

ಚ್ಯಾಷ್ಟಿ ಮಾಡೋರೂ ಇದ್ರು. 1792ರಾಗ ಗಿಲ್‌ರೇ ಅನ್ನೋ ವ್ಯಂಗ್ಯಚಿತ್ರಕಾರ ರಾಜನ ಮನೀನೇ ಬರದಾನ. ರಾಜ ಸಕ್ರಿ ಇಲ್ಲದ ಚಹಾ ಕುಡದು ಹೊಗಳ್ಲಿಕ್ಹತ್ಯಾನ, ರಾಣಿ ಮಕ್ಕಳಿಗೆ ರಮಿಸಿ ಕುಡೀರಿ ಅಂತಾಳ, ಅಪ್ಪನ ಖರ್ಚೂ ಉಳೀತದ ಅಂತಾಳ, ಮಕ್ಕಳು ಸಾಲಾಗಿ ಮಾರಿ ಸಿಂಡರಿಸಿಕೊಂಡು ಕೂತಾವ. ಮನ್ಯಾಗ ಸಕ್ಕರಿ ಬ್ಯಾನಿ ಇದ್ದವರು ಈ ಚಿತ್ರ ನೋಡಿದ್ರ ನಗದ ಇರಲಿಕ್ಕಿಲ್ಲ.

ಇದರಿಂದ ತಕ್ಷಣಕ್ಕ ಗೆದ್ರೇನು ಅಂದ್ರ, ಇಲ್ಲ. 1792ರಾಗ ಕೆಳಮನಿ ನಿಧಾನಕ್ಕ ನಿಲ್ಲಸೋಣು ಅಂತ ಒಪ್ಪಿತು, ಮೇಲ್ಮನಿ ತಡದು ಕೂತಿತು, ಮರುವರ್ಷ ಫ್ರಾನ್ಸಿನ ಜೊತಿ ಯುದ್ಧ ಹತ್ತಿ ಎಲ್ಲಾ ತಣ್ಣಗಾತು. ಗುಲಾಮರ ವ್ಯಾಪಾರ ನಿಂತದ್ದು 1807ಕ್ಕ. ಅದಾದ ಮ್ಯಾಲೂ ಆಗಲೇ ಗುಲಾಮರಾಗಿದ್ದವರು ಗುಲಾಮರಾಗೇ ಉಳದ್ರು.

ಎರಡನೇ ಸಲ ಈ ಕೆಲಸ ಎತ್ತಿದವರು ಪೂರಾ ಹೆಂಗಸರು. ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್, ಗಂಡ ಸತ್ತ ಮ್ಯಾಲೆ ಕ್ವೇಕರ್ ಪಂಥಕ್ಕ ಸೇರಿದಾಕಿ, 1824ರಾಗ ಒಂದು ಪುಸ್ತಿಕೆ ಬರದ್ಲು. ದೊಡ್ಡ ದೊಡ್ಡ ಗಂಡಸರು 'ಹಂತ ಹಂತವಾಗಿ ಬಿಡುಗಡಿ' ಅಂತಿದ್ರ ಈಕಿ 'ಈಗಿಂದೀಗ' ಅಂದ್ಲು. ಗೆಳತಿ ಸುಸಾನಾ ವಾಟ್ಸ್ ಜೊತಿ ಲೆಸ್ಟರಿನ ಮನಿ ಮನಿ ಬಾಗಲಾ ಬಡದು ಸಕ್ರಿ ಬಿಡ್ರಿ ಅಂತ ಕೇಳಿದ್ಲು. ವಿಲ್ಬರ್‌ಫೋರ್ಸ್ ಅವರಿಗೇ ಇದು ಸೇರಲಿಲ್ಲ ನೋಡ್ರಿ. ಹೆಂಗಸರು ಸಭಾ ಕೂಡಿಸೋದು, ಮನಿ ಮನಿ ತಿರಗೋದು ಹೆಣ್ಣಿನ ಸ್ವಭಾವಕ್ಕ ಹೊಂದೂದಿಲ್ಲ ಅಂತ ಅವರ ಅಭಿಪ್ರಾಯ. ಹಿಂಥಾ ಮಾತು ಎಲ್ಲಾ ಊರಾಗೂ ಒಂದೇ ನಮೂನಿ ಇರ್ತಾವ.

1825ರಾಗ ಬರ್ಮಿಂಗ್‌ಹ್ಯಾಮಿನ ಹೆಂಗಸರು ತಮ್ಮದೇ ಸಂಘ ಕಟ್ಟಿದ್ರು. 1830ರಾಗ ಅವರು ಮಾಡಿದ ಉಪಾಯಕ್ಕ ನಾನು ಚಪ್ಪಾಳಿ ಹೊಡದೆ. ಲಂಡನ್ನಿನ ಮುಖ್ಯ ಸಂಘಕ್ಕ ಕೊಡ್ತಿದ್ದ 50 ಪೌಂಡ್ ವಂತಗಿನ, ನಿಮ್ಮ ಹೆಸರಿನಾಗಿಂದ 'ಹಂತ ಹಂತ' ಅನ್ನೋ ಶಬ್ದ ತಗದ್ರಷ್ಟೇ ಕೊಡ್ತೀವಿ ಅಂತ ಠರಾವು ಮಾಡಿದ್ರು. ಆ ವರ್ಷ ಮೇ ತಿಂಗಳದಾಗ ಸಂಘದವರು ಶಬ್ದ ತಗದೇ ಬಿಟ್ರು.

ಕಾಯ್ದೆ ಬಂದದ್ದು 1833ಕ್ಕ. ಬರೇ ಸಕ್ರಿ ಬಿಟ್ಟದ್ದರಿಂದ ಬಂತು ಅಂದ್ರ ತಪ್ಪಾಗತದ. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದ ಗುಲಾಮರು ತಾವೇ ದಂಗೆ ಎದ್ದು ಜೀವ ಕೊಟ್ಟಿದ್ರು, ಸರಕಾರ ನಡುಗಿದ್ದು ಅದಕ್ಕೂ ಹೌದು. ಪರಿಹಾರ ಅಂತ ಎರಡು ಕೋಟಿ ಪೌಂಡ್ ಸಿಕ್ಕಿದ್ದು ಮಾತ್ರ ಮಾಲಕರಿಗೆ. ದುಡದವರಿಗೆ ಒಂದು ಬಿಡಿಗಾಸೂ ಇಲ್ಲ. ಹೇರಿಕ್ ಇದನ್ನ ನೋಡಲಿಲ್ಲ, 1831ರಾಗೇ ತೀರಿಕೊಂಡಿದ್ಲು.

ಇನ್ನ ನಮ್ಮ ದೇಶದ ಮಾತು. ಸಕ್ರಿ ಪೂರಾ ಬಿಡಲಿಕ್ಕೆ ಆಗದವರು ಈಸ್ಟ್ ಇಂಡಿಯಾ ಸಕ್ರಿ, ಅಂದ್ರ ಬಂಗಾಲದ ಕಡಿಂದು ತಗೋತಿದ್ರು. ಸಕ್ರಿ ಬಟ್ಟಲದ ಮ್ಯಾಲೆ 'ಗುಲಾಮರು ಮಾಡಿದ್ದಲ್ಲ' ಅಂತ ಬಂಗಾರದ ಅಕ್ಷರದಾಗ ಬರಸ್ತಿದ್ರು. ಚಂದನ ಬಟ್ಟಲು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಾಗ ಈಗೂ ಒಂದು ಅದ. ಆದ್ರ ನಮ್ಮಲ್ಲೇನು ಜೀತ ಇರಲಿಲ್ಲೇನು? 1833ರ ಆ ಕಾಯ್ದೆ ಕಂಪನಿ ಆಳೋ ಹಿಂದುಸ್ತಾನಕ್ಕ ಲಾಗೂನೇ ಆಗಲಿಲ್ಲ. ಇಲ್ಲಿಗೆ ಬೇರೆ ಕಾಯ್ದೆ ಬರ್ಲಿಕ್ಕೆ 1843 ಆತು.

ಅತ್ತ ಕಬ್ಬಿನ ತೋಟದವರಿಗೆ ಕೂಲಿ ಬೇಕಾತು. 1834ರ ನವೆಂಬರ್ 2ಕ್ಕ ಕಲಕತ್ತಾದಿಂದ ಹೊಂಟ ಅಟ್ಲಾಸ್ ಅನ್ನೋ ಹಡಗು ಮಾರಿಷಸ್ ದ್ವೀಪಕ್ಕ ಮುಟ್ಟಿತು. ಅದರಾಗ ಕರಾರು ಬರಸಿಕೊಂಡು ಕಬ್ಬಿನ ಕೆಲಸಕ್ಕ ತಂದ ನಮ್ಮ ದೇಶದ 36 ಮಂದಿ ಇದ್ರು.