ದೂರದರ್ಶನದ ವಿಜ್ಞಾನಕಥೆಗಳು : ರಸ ಮತ್ತು ರಾಜನೀತಿ

ಆಕಾಶವನ್ನು ನೋಡಿ ಕಥೆ ಕಟ್ಟುವದು ಮನುಷ್ಯನಿಗೆ ಹೊಸದಲ್ಲ. ಆ ಕಥೆಯೊಳಗೆ ಭೂಮಿಯ ರಾಜ್ಯಭಾರವನ್ನು ಚಿತ್ರಿಸುವದೂ ಹೊಸದಲ್ಲ. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ, ಕ್ರಿ. ಶ. ೧೫೭೦ರ ಸುಮಾರಿಗೆ, ನಮ್ಮ ವಿಜಾಪುರದಲ್ಲಿ 'ನುಜೂಮ್-ಉಲ್-ಉಲೂಮ್' ಎಂಬ ಸಚಿತ್ರ ಗ್ರಂಥವು ಸಿದ್ಧವಾಯಿತು. ಈಗ ಅದು ಐರ್ಲಂಡದ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಗ್ರಹನಕ್ಷತ್ರಗಳನ್ನು ಕುರಿತ ಆ ಗ್ರಂಥದಲ್ಲಿಯೇ ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ ಸಿಂಹಾಸನದ ಚಿತ್ರವೂ ಆಯುಧಗಳ ಚಿತ್ರಗಳೂ ಉಂಟು. ನಕ್ಷತ್ರವಿದ್ಯೆಯೂ ರಾಜವಿದ್ಯೆಯೂ ಅಲ್ಲಿ ಒಂದೇ ಹೊದಿಕೆಯೊಳಗೆ ಸೇರಿವೆ. ನಾಲ್ಕು ಶತಮಾನಗಳ ತರುವಾಯ ಇದೇ ಕೆಲಸವನ್ನು ದೂರದರ್ಶನದ ವಿಜ್ಞಾನಕಥೆಗಳು ಬೇರೊಂದು ರೀತಿಯಲ್ಲಿ ಕೈಕೊಂಡವು.

ಇಂಥ ಧಾರಾವಾಹಿಗಳನ್ನು ಹುಡುಗರ ಆಟವೆಂದು ತಳ್ಳಿಹಾಕುವ ರೂಢಿಯು ಸುಶಿಕ್ಷಿತರ ಮನೆಗಳಲ್ಲಿ ಉಂಟು. ಆದರೆ ಆಜ್ಞೆ ಮಾಡುವವನು ಯಾರು, ಆ ಆಜ್ಞೆಗೆ ಮೇರೆ ಎಲ್ಲಿ, ಶತ್ರುವಿಗೂ ನೋವಿಲ್ಲವೇ ಎಂಬ ಪ್ರಶ್ನೆಗಳು ನಮ್ಮ ಮೊಮ್ಮಕ್ಕಳಿಗೆ ಎಷ್ಟೋ ಸಲ ಪಾಠಪುಸ್ತಕಕ್ಕಿಂತ ಮೊದಲು ಎದುರಾಗುವದು ಈ ಕಥೆಗಳಲ್ಲಿಯೇ. ಆದಕಾರಣ ಇವುಗಳನ್ನು ತೂಗಿ ನೋಡುವದು ಹಿರಿಯರ ಕರ್ತವ್ಯವಾಗಿದೆ. ತೂಗುವ ತಕ್ಕಡಿಯು ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದೆ. ಮಮ್ಮಟನ ಮತದಂತೆ ಉಪದೇಶವು ಮೂರು ಬಗೆ: ಒಡೆಯನಂತೆ ಅಪ್ಪಣೆ ಕೊಡುವದು ಒಂದು, ಗೆಳೆಯನಂತೆ ತಿಳಿಹೇಳುವದು ಮತ್ತೊಂದು, ಕಾಂತೆಯಂತೆ ರಸದಿಂದ ಒಲಿಸಿ ತಿದ್ದುವದು ಮೂರನೆಯದು. ಕಾವ್ಯದ ಮಾರ್ಗವು ಈ ಮೂರನೆಯದೇ. ರಾಜನೀತಿಯು ರಸದಲ್ಲಿ ಕರಗಿದಾಗ ಮಾತ್ರ ಇಂಥ ಕಥೆಯು ಉತ್ತಮವಾಗುವದು. ಹಾಗೆ ಕರಗುವದು ಕಥೆಯು ತನ್ನ ಪಕ್ಷವನ್ನೇ ಪರೀಕ್ಷೆಗೆ ನಿಲ್ಲಿಸಿದಾಗ. ಇದೇ ಈ ಲೇಖನದ ಪ್ರತಿಜ್ಞೆ.

ಮೊದಲು ನಮ್ಮ ಜಿಲ್ಲೆಯ ಪಾಲನ್ನು ನೆನೆಯಬೇಕು. ಭೂಮಿಯಿಂದ ನೋಡುವವರಿಗೆ ಒಂದೇ ಎಡೆಯಲ್ಲಿ ನಿಂತಂತೆ ತೋರುವ ಉಪಗ್ರಹಗಳಿಂದ ಲೋಕಕ್ಕೆಲ್ಲ ಪ್ರಸಾರ ಮಾಡಬಹುದೆಂದು ೧೯೪೫ರಲ್ಲಿ ಲೇಖನ ಬರೆದವರು ಆರ್ಥರ್ ಸಿ. ಕ್ಲಾರ್ಕ್, ಮುಂದೆ ವಿಜ್ಞಾನಕಥೆಗಾರರೆಂದು ಜಗತ್ಪ್ರಸಿದ್ಧರಾದವರೂ ಅವರೇ. ಮೂವತ್ತು ವರ್ಷಗಳ ಮೇಲೆ ಆ ಕಲ್ಪನೆಯು ನಮ್ಮ ಹಳ್ಳಿಗಳಿಗೆ ಇಳಿದು ಬಂದಿತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ ಅಮೇರಿಕದ ಎ.ಟಿ.ಎಸ್.-೬ ಎಂಬ ಉಪಗ್ರಹವನ್ನು ಎರವು ಪಡೆದು, ಭಾರತವು ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ದ ಜಿಲ್ಲೆಗಳು ವಿಜಾಪುರ, ಕಲಬುರ್ಗಿ, ರಾಯಚೂರು. ಮುಂಜಾನೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಒಕ್ಕಲುತನ, ಆರೋಗ್ಯ ಮೊದಲಾದವುಗಳ ಮಾತು. ಉಪದೇಶವು ಹಿತವಾದದ್ದೇ, ಆದರೆ ಅದು ಒಡೆಯನ ಮಾತಿನಂತೆ ಮೇಲಿನಿಂದ ಇಳಿಯುತ್ತಿತ್ತು, ಕೇಳುವವನು ಪರದೆಗೆ ಮರುಮಾತು ಆಡುವಂತಿರಲಿಲ್ಲ. ಆ ವರ್ಷವಿಡೀ ದೇಶದಲ್ಲಿ ತುರ್ತು ಪರಿಸ್ಥಿತಿಯು ಜಾರಿಯಲ್ಲಿತ್ತೆಂಬದನ್ನೂ ಮರೆಯಲಾಗದು. ಅಂತರಿಕ್ಷದ ಯಂತ್ರವು ಯಾರ ಕೈಯಲ್ಲಿರಬೇಕು, ಅವರನ್ನು ಕೇಳುವವರು ಯಾರು ಎಂಬ ಪ್ರಶ್ನೆಯು ಹೀಗೆ ನಮ್ಮ ಅಂಗಳದಲ್ಲಿಯೇ ಹುಟ್ಟಿದ್ದಿತು. ಪಶ್ಚಿಮದ ಧಾರಾವಾಹಿಗಳು ಇದೇ ಪ್ರಶ್ನೆಯನ್ನು ಕಥೆಯಾಗಿಸಿದವು.

ಅವುಗಳಲ್ಲಿ ಹೆಸರಾದದ್ದು ಜೀನ್ ರಾಡನ್‌ಬೆರಿಯವರ 'ಸ್ಟಾರ್ ಟ್ರೆಕ್'. ಇದು ೧೯೬೬ರ ಸಪ್ಟಂಬರ ೮ರಂದು ಅಮೇರಿಕದಲ್ಲಿ ಆರಂಭವಾಗಿ, ೧೯೬೯ರ ವರೆಗೆ ೭೯ ಕಂತುಗಳಲ್ಲಿ ನಡೆಯಿತು. ೧೯೮೦ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೂ ಬಂದಿತು. ಇದರ ಕಲ್ಪನೆಯಲ್ಲಿ ಹಲವು ಲೋಕಗಳು ಸೇರಿ ಧರ್ಮದಿಂದ ನಡೆಯುವ ಒಂದು ಒಕ್ಕೂಟವಿದೆ. ವರ್ಣಭೇದದ ಕಲಹವೂ ಶೀತಲ ಸಮರವೂ ಉರಿಯುತ್ತಿದ್ದ ಆ ದಿನಗಳಲ್ಲಿ ಅದರ ನೌಕೆಯಲ್ಲಿ ಕಪ್ಪು ವರ್ಣದ ಸ್ತ್ರೀಯೂ ಜಪಾನೀ ಮೂಲದವನೂ ರಶಿಯದ ತರುಣನೂ ಅಧಿಕಾರಿಗಳಾಗಿ ಒಟ್ಟಿಗೆ ದುಡಿದರು. ಇದು ದೊಡ್ಡ ಮಾತು. ಆದರೆ ಅದರ ಎಲ್ಲ ಕಂತುಗಳೂ ಸಮಾನವಲ್ಲ. ೧೯೬೯ರ ಒಂದು ಕಂತಿನಲ್ಲಿ ಅರ್ಧ ಮುಖ ಕಪ್ಪು, ಅರ್ಧ ಮುಖ ಬಿಳುಪಾದ ಇಬ್ಬರು, ಬಣ್ಣವು ಯಾವ ಮಗ್ಗುಲಿಗೆ ಇದೆಯೆಂಬುದಕ್ಕಾಗಿಯೇ ದ್ವೇಷಿಸುತ್ತಾರೆ. ನೀತಿಯು ಉದಾತ್ತವಾದರೂ ಫಲಕದ ಮೇಲೆ ಬರೆದಂತಿರುವದರಿಂದ ರಸಕ್ಕೆ ಎಡೆಯಿಲ್ಲ. ವಿಯೆಟ್ನಾಮದ ಯುದ್ಧಕಾಲದಲ್ಲಿ, ೧೯೬೮ರಲ್ಲಿ, ಬಂದ ಇನ್ನೊಂದು ಕಂತನ್ನು ನೋಡಿರಿ. ಒಂದು ಪಂಗಡಕ್ಕೆ ಶತ್ರುಗಳು ಬಂದೂಕು ಕೊಟ್ಟಿರಲು, ನಾಯಕನಾದ ಕರ್ಕ್‌ನು ಮತ್ತೊಂದು ಪಂಗಡಕ್ಕೂ ಅಷ್ಟೇ ಬಂದೂಕು ಕೊಡಲು ನಿಶ್ಚಯಿಸುತ್ತಾನೆ. ಮನಸ್ಸು ಮಾತ್ರ ಕಹಿಯಾಗಿರುತ್ತದೆ. ಅಲ್ಲಿ ಜಯಘೋಷವಿಲ್ಲ. ಅವನ ನಿರ್ಣಯವನ್ನು ಒಪ್ಪದವನಿಗೂ ಅವನ ಸಂಕಟವು ಮುಟ್ಟುವದು.

ಇದಕ್ಕೆ ಪ್ರತಿಪಕ್ಷವಾಗಿ ಇಂಗ್ಲಂಡದ ಬಿ.ಬಿ.ಸಿ.ಯು ೧೯೭೮ರಿಂದ ೧೯೮೧ರ ವರೆಗೆ, ಟೆರಿ ನೇಶನ್ನರು ಕಲ್ಪಿಸಿದ 'ಬ್ಲೇಕ್ಸ್ ಸೆವೆನ್' ಎಂಬದನ್ನು ೫೨ ಕಂತುಗಳಲ್ಲಿ ತೋರಿಸಿತು. ಇಲ್ಲಿಯೂ ಒಕ್ಕೂಟವೆಂಬ ಹೆಸರೇ. ಆದರೆ ಈ ಒಕ್ಕೂಟವು ಪ್ರಜೆಗಳಿಗೆ ಮಂಕು ಕವಿಸುವ ಮದ್ದು ಹಾಕಿ ಆಳುವ ಕ್ರೂರ ಪ್ರಭುತ್ವ. ಕಥಾನಾಯಕರು ಬಹುಮಟ್ಟಿಗೆ ಸೆರೆಯಿಂದ ತಪ್ಪಿಸಿಕೊಂಡ ಕೈದಿಗಳು. ರಂಗಸಜ್ಜು ಬಡವಾದದ್ದು, ನಿಜ. ಆದರೂ ಬ್ಲೇಕನ ಹಟದಿಂದ ನಿರಪರಾಧಿಗಳೂ ಸಾಯಬಹುದೆಂದು ಸಂಗಡಿಗರೇ ಅವನನ್ನು ಕೇಳುತ್ತಾರೆ. ಬಂಡಾಯಗಾರನನ್ನೂ ಪ್ರಶ್ನಿಸಬಲ್ಲ ಈ ಧೈರ್ಯವು ಹಣದಿಂದ ಬರುವಂಥದಲ್ಲ.

ಒಂದೇ ಕಥೆಯನ್ನು ಎರಡು ಕಾಲಗಳು ಹೇಗೆ ಹೇಳಿದವೆಂಬುದಕ್ಕೆ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಸಾಕ್ಷಿ. ಯಂತ್ರಮಾನವರ ದಾಳಿಗೆ ಸಿಕ್ಕು ಅಳಿದುಳಿದ ಮಂದಿ ನೌಕೆಗಳಲ್ಲಿ ನೆಲೆಯನ್ನು ಅರಸಿ ಅಲೆಯುವದು ಇದರ ವಸ್ತು. ೧೯೭೮ರ ಪಾಠದಲ್ಲಿ ಸಂಧಿಯನ್ನು ನಂಬಿದ ಸಭಿಕರು ಮರುಳರು, ದಂಡನಾಯಕನೊಬ್ಬನೇ ದೂರದರ್ಶಿ. ೨೦೦೪ರಿಂದ ೨೦೦೯ರ ವರೆಗೆ ನಡೆದ ಹೊಸ ಪಾಠದಲ್ಲಿ ಅಧ್ಯಕ್ಷೆಯೂ ದಂಡನಾಯಕನೂ ಒಬ್ಬರನ್ನೊಬ್ಬರು ತಡೆಯುತ್ತಾರೆ, ಇಬ್ಬರೂ ತಪ್ಪುತ್ತಾರೆ. ಅಮೇರಿಕದ ಸೈನ್ಯವು ಇರಾಕದಲ್ಲಿದ್ದ ೨೦೦೬ರಲ್ಲಿ, ಪರರ ಆಳಿಕೆಗೆ ಸಿಕ್ಕ ಮನುಷ್ಯರೇ ಆತ್ಮಾಹುತಿಯ ದಾಳಿಗೆ ಇಳಿಯುವದನ್ನು ಅದು ತೋರಿಸಿತು. ಅಮೇರಿಕದ ಪ್ರೇಕ್ಷಕನು ತನ್ನವರನ್ನೇ ಎದುರು ಮಗ್ಗುಲಲ್ಲಿ ನಿಂತು ನೋಡಬೇಕಾಯಿತು. ೨೦೦೯ರ ಮಾರ್ಚ ೧೭ರಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಈ ಧಾರಾವಾಹಿಯನ್ನು ಮುಂದಿಟ್ಟುಕೊಂಡು ಮಾನವ ಹಕ್ಕುಗಳ ಚರ್ಚೆಯು ನಡೆಯಿತು.

ನಮ್ಮ ದೇಶದಲ್ಲಿ ಕೇತನ ಮೆಹತಾ ಅವರ 'ಕ್ಯಾಪ್ಟನ್ ವ್ಯೋಮ್' ೧೯೯೮ರಲ್ಲಿ ದೂರದರ್ಶನದಲ್ಲಿ ಬಂದಿತು. ಸೆರೆಯಿಂದ ತಪ್ಪಿಸಿಕೊಂಡ ಭಯಂಕರ ಅಪರಾಧಿಗಳನ್ನು ವೀರನು ಹಿಡಿಯುವದು ಅದರ ವಸ್ತು. ಗಣಕಯಂತ್ರದ ಚಿತ್ರಕೌಶಲವು ಆಗ ನಮಗೆ ಹೊಸದು. ವೀರವೂ ಅದ್ಭುತವೂ ಅಲ್ಲಿ ಇದ್ದವು. ಆದರೆ ಸೆರೆಯಿಟ್ಟ ಪ್ರಭುತ್ವವು ನ್ಯಾಯವಾದದ್ದೇ ಎಂಬ ಪ್ರಶ್ನೆಗೆ ಅಲ್ಲಿ ಬಲ ಸಾಲದು. ಬ್ಲೇಕನ ಕೈದಿಗಳ ಪಕ್ಕದಲ್ಲಿ ಈ ಕೈದಿಗಳನ್ನು ಇಟ್ಟು ನೋಡಿದರೆ ಅಂತರವು ತಿಳಿಯುವದು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ವಿಜ್ಞಾನಕಥೆಯನ್ನು ಬರಹದಲ್ಲಿ ಬೆಳೆಸಿದ್ದಾರೆ. ಪರದೆಯ ಮೇಲೆ ತರುವವರಿಗೆ ಬೀಜವು ಇಲ್ಲಿಯೇ ಉಂಟು.

ಇಂದು ನಮ್ಮ ಇಬ್ರಾಹಿಂಪುರದ ಹುಡುಗನಿಗೆ ಇಂಥ ಕಥೆಗಳು ಅಂಗೈಯ ಮೊಬೈಲಿನಲ್ಲಿಯೇ ದೊರೆಯುವವು. ತಡೆಯುವದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಹಿರಿಯರು ಜೊತೆಗೆ ಕುಳಿತು ಎರಡು ಮಾತು ಕೇಳಬೇಕು: ಈ ಕಥೆಯಲ್ಲಿ ನಾಯಕನನ್ನು ತಡೆದು ಕೇಳುವವರು ಇದ್ದಾರೆಯೇ? ಶತ್ರುವಿನ ಮಾತಿಗೆ ಕಿವಿಗೊಡುವ ಒಂದು ಗಳಿಗೆಯಾದರೂ ಉಂಟೇ? ನೌಕೆಯ ಹೊಳಪಿಗೆ ಬೆರಗಾದ ಹುಡುಗನು ಈ ಪ್ರಶ್ನೆಗಳನ್ನೂ ಕಲಿತನಾದರೆ, ನಾಳೆ ಮತ ಹಾಕುವ ದಿನ ಅವು ಅವನ ಉಪಯೋಗಕ್ಕೆ ಬಾರದೆ ಇರಲಾರವು.